1917ರ ದಿಕ್ಸೂಚಿ ಕೊಂಡೆ, ಈಗ ಅನುಮಾನ: ಮನೆಗೆ ಹಳೇ ಸಾಮಾನು ಕೂಡಿಡುವವರು ಸ್ವಲ್ಪ ಹೇಳಿ

ಎರಡನೇ ಮಹಡಿ

ಎಲ್ಲರಿಗೂ ನಮಸ್ಕಾರ. ಹೋದ ತಿಂಗಳು ಹೊಸ ಫ್ಲ್ಯಾಟಿಗೆ ಬಂದೆವು. ಗೋಡೆಗಳೆಲ್ಲ ಬೋಳುಬೋಳು. ಅಂಗಡಿಯಲ್ಲಿ ಸಾಲಾಗಿ ಸಿಗುವ ಬುದ್ಧನ ತಲೆ, ಪ್ಲಾಸ್ಟಿಕ್ ಬಳ್ಳಿ ತಂದು ಇಡಲು ಮನಸ್ಸಿಲ್ಲ. ಹಳೇ ಕಾಲದ ನಾಲ್ಕು ಸಾಮಾನು ಇಟ್ಟರೆ ಚೆಂದ ಅನ್ನಿಸಿ ಹುಡುಕಲು ಶುರು ಮಾಡಿದೆ. ಈಗ ಅದೇ ಹುಚ್ಚಾಗಿದೆ. ರಾತ್ರಿ ಹನ್ನೊಂದಾದರೂ ಮೊಬೈಲಲ್ಲಿ ಹಿತ್ತಾಳೆ ದೀಪಗಳ ಫೋಟೋ ನೋಡುತ್ತಾ ಕೂತಿರುತ್ತೇನೆ.

ಹೋದ ಭಾನುವಾರ ಒಂದು ಹಿತ್ತಾಳೆ ದಿಕ್ಸೂಚಿ ಕೊಂಡೆ. ಅಂಗೈ ತುಂಬುವಷ್ಟಿದೆ. ಮುಚ್ಚಳದ ಮೇಲೆ ಲಂಡನ್, 1917 ಅಂತ ಕೆತ್ತಿದೆ. ಮೊದಲನೇ ಮಹಾಯುದ್ಧದ್ದು ಅಂದರು. 4,500 ಕೊಟ್ಟೆ. ಅದೇ ಅಂಗಡಿಯಲ್ಲಿ ದೊಡ್ಡ ಹಿತ್ತಾಳೆ ಕಹಳೆ ಇರುವ ಗ್ರಾಮಫೋನ್ ಇದೆ. 14,000 ಹೇಳಿದ್ದಾರೆ, ಚೌಕಾಸಿ ಮಾಡಿದರೆ ಹನ್ನೆರಡಕ್ಕೆ ಇಳಿಯಬಹುದು. ನಮ್ಮ ಯಜಮಾನರು "ಮೊದಲು ತಿಳಿದವರನ್ನ ಕೇಳಮ್ಮಾ" ಅಂದರು. ಅದಕ್ಕೆ ಕೇಳುತ್ತಿದ್ದೇನೆ. ದಿಕ್ಸೂಚಿ ಸರಿ ಇದೆಯಾ? ಗ್ರಾಮಫೋನ್ ತರಲಾ? ಹೊಸಬರು ಎಲ್ಲಿಂದ ಶುರು ಮಾಡಬೇಕು?

ಗುಜರಿ ಗುಂಡಣ್ಣ

ತಂಗಿ, ಒಂದು ಪ್ರಶ್ನೆ. ಆ ದಿಕ್ಸೂಚಿಯ ಮುಚ್ಚಳ ತೆಗೆದರೆ ಒಳಗಡೆ ಇಂಗ್ಲಿಷ್ ಪದ್ಯ ಕೆತ್ತಿದೆಯಾ?

ಎರಡನೇ ಮಹಡಿ

ಅಯ್ಯೋ, ಇದೆ! ನಿಮಗೆ ಹೇಗೆ ಗೊತ್ತಾಯ್ತು?

ಗುಜರಿ ಗುಂಡಣ್ಣ

ಹಾಗಾದರೆ ಮುಗೀತು. ಯುದ್ಧಕ್ಕೆ ಹೋಗುವ ಸಿಪಾಯಿಗೆ ಪದ್ಯ ಕೆತ್ತಿಸಿ ದಿಕ್ಸೂಚಿ ಕೊಡುವಷ್ಟು ಪುರುಸೊತ್ತು ಯಾವ ಸರ್ಕಾರಕ್ಕೂ ಇರಲಿಲ್ಲ. ನಿಮ್ಮದು ಹೆಚ್ಚುಕಡಿಮೆ ಉತ್ತರಾಖಂಡದ ರೂರ್ಕಿಯಲ್ಲಿ ತಯಾರಾದದ್ದು. ಅಲ್ಲಿನ ಇಂಜಿನಿಯರಿಂಗ್ ಕಾಲೇಜು 1847ರದ್ದು. ಅದರ ಸುತ್ತ ಸರ್ವೆ ಸಾಮಾನು ಮಾಡುವ ಕಸುಬು ಬೆಳೆಯಿತು. ಈಗ ಅದೇ ಊರಲ್ಲಿ ಹಡಗಿನ ದುರ್ಬೀನು, ದಿಕ್ಸೂಚಿ, ಮರಳು ಗಡಿಯಾರ ಎಲ್ಲವನ್ನೂ ಹೊಸದಾಗಿ ಮಾಡುತ್ತಾರೆ. ಕೆಲಸ ಚೊಕ್ಕವಾಗೇ ಇರುತ್ತದೆ. ಮಾಡುವವರು ಮೋಸಗಾರರಲ್ಲ, ಅಲಂಕಾರದ ವಸ್ತು ಅಂತಲೇ ಸಗಟಾಗಿ ಮಾರುತ್ತಾರೆ. ನಡುವೆ ನಾಲ್ಕು ಕೈ ಬದಲಾಗುವಷ್ಟರಲ್ಲಿ ಅದಕ್ಕೆ ನೂರು ವರ್ಷ ವಯಸ್ಸಾಗಿಬಿಡುತ್ತದೆ ಅಷ್ಟೇ.

ಗ್ರಾಮಫೋನ್ ಬೇಡವೇ ಬೇಡ. ಆರು ಮೂಲೆಯೋ ಎಂಟು ಮೂಲೆಯೋ ಇರುವ ಪೆಟ್ಟಿಗೆ, ಮೇಲೆಲ್ಲ ಹಿತ್ತಾಳೆ ತಗಡಿನ ಹೂಬಳ್ಳಿ, ಹೊಳೆಯುವ ತೆಳ್ಳನೆ ಕಹಳೆ, ಮುಂದೆ ನಾಯಿ ಚಿತ್ರದ ಬಿಲ್ಲೆ. ಇಷ್ಟಿದ್ದರೆ ಅದು ಹೊಸದಾಗಿ ಜೋಡಿಸಿದ ಮಾಲು. ಸೂಟ್‌ಕೇಸಿನಂಥ ಹಳೇ ಪೋರ್ಟಬಲ್ ಗ್ರಾಮಫೋನಿನ ಮೋಟಾರು ಕಿತ್ತು ಹೊಸ ಡಬ್ಬಿಗೆ ಹಾಕಿರುತ್ತಾರೆ. ಬೇಜಾರು ಅದಕ್ಕೇ. ಒಂದು ನಕಲಿ ಹುಟ್ಟಲು ಒಂದು ಅಸಲಿ ಸಾಯಬೇಕು.

ನಿಜವಾದದ್ದು ಬೇಕಾದರೆ ಆ ಪೋರ್ಟಬಲ್ಲನ್ನೇ ಹುಡುಕಿ. ಕಹಳೆ ಹೊರಗೆ ಕಾಣುವುದಿಲ್ಲ, ಫೋಟೋದಲ್ಲಿ ಅಷ್ಟು ಜೋರಾಗೂ ಇರುವುದಿಲ್ಲ. ಆದರೆ ಹಾಡುತ್ತದೆ. ಅದಕ್ಕೆ ನಿಮಿಷಕ್ಕೆ 78 ಸುತ್ತು ತಿರುಗುವ ಹಳೇ ಅರಗಿನ ಪ್ಲೇಟುಗಳನ್ನೇ ಹಾಕಬೇಕು. ಆಮೇಲೆ ಬಂದ ಎಲ್‌ಪಿ ಹಾಕಿದಿರೋ, ಉಕ್ಕಿನ ಮುಳ್ಳು ಅದನ್ನು ಉತ್ತುಬಿಡುತ್ತದೆ.

ಒಂದು ಮಾತು ನೆನಪಾಯ್ತು. 1902ರಲ್ಲಿ ಕಲ್ಕತ್ತದಲ್ಲಿ ಗ್ರಾಮಫೋನಿಗೆ ಹಾಡಿದ ಗೌಹರ್ ಜಾನ್ ಕೊನೆಗಾಲದಲ್ಲಿ ಮೈಸೂರು ಅರಮನೆಯ ಆಸ್ಥಾನದಲ್ಲಿದ್ದರು. 1930ರಲ್ಲಿ ಮೈಸೂರಲ್ಲೇ ತೀರಿಕೊಂಡರು. ಹಾಡು ಮುಗಿದ ಮೇಲೆ ಇಂಗ್ಲಿಷಿನಲ್ಲಿ ತಮ್ಮ ಹೆಸರು ತಾವೇ ಹೇಳುತ್ತಿದ್ದರಲ್ಲ, ಆ ಪ್ಲೇಟು ಒಂದು ಸಿಕ್ಕರೆ ನನ್ನ ಸ್ಕೂಟರ್ ಬೇಕಾದರೂ ಕೊಡುತ್ತೇನೆ.

ಹುಬ್ಬಳ್ಳಿ ಗಂಗಾಳ

ಗುಂಡಣ್ಣ ಹೇಳಿದ್ದು ಖರೇ. ಬ್ಯಾಸರ ಮಾಡ್ಕೋಬ್ಯಾಡ್ರಿ ಅಕ್ಕಾರ, ಎಲ್ಲರೂ ಮೊದಲನೇ ಸಲ ಹೀಗೇ ಮೋಸ ಹೋಗಿದ್ದೇವೆ. ನಾನು ಕಾಲೇಜಿನಲ್ಲಿದ್ದಾಗ ಈಸ್ಟ್ ಇಂಡಿಯಾ ಕಂಪನಿಯ 1818ರ ನಾಣ್ಯ ಕೊಂಡೆ. ಒಂದು ಕಡೆ ರಾಮ, ಸೀತೆ, ಲಕ್ಷ್ಮಣ, ಹನುಮಂತ. ತಿಂಗಳ ಖರ್ಚಿನ ರೊಕ್ಕ ಹೋಯಿತು. ಕಂಪನಿ ಸರ್ಕಾರ ಅಂಥ ನಾಣ್ಯವನ್ನು ಹೊರಡಿಸೇ ಇರಲಿಲ್ಲ. ಸಂತೆ, ಜಾತ್ರೆಗಳಲ್ಲಿ ಇವತ್ತಿಗೂ ಅದೇ ಮಾರುತ್ತಾರೆ.

ಇನ್ನೊಂದು ಗಂಭೀರ ವಿಷಯ. ಹಳೇ ತಾಮ್ರದ ಪಾತ್ರೆ ಹುಡುಕುತ್ತೀರಿ ಅಂತ ಸುದ್ದಿಯಾದರೆ "ರೈಸ್ ಪುಲ್ಲಿಂಗ್" ಮಂದಿ ಫೋನ್ ಮಾಡುತ್ತಾರೆ. ಸಿಡಿಲು ಬಡಿದ ಚೆಂಬು, ಅಕ್ಕಿ ಕಾಳು ತಾನೇ ಎಳೆದುಕೊಳ್ಳುತ್ತದೆ, ವಿದೇಶದವರು ಕೋಟಿಗಟ್ಟಲೆ ಕೊಡುತ್ತಾರೆ, ಪರೀಕ್ಷೆ ಮಾಡಿಸಲು ನೀವು ಎರಡು ಲಕ್ಷ ಹಾಕಿ, ಹೀಗೆ ಕತೆ ಹೇಳುತ್ತಾರೆ. ನಮ್ಮ ಓಣಿಯಲ್ಲಿ ಒಬ್ಬರು ಹೊಲ ಅಡ ಇಟ್ಟು ಕೂತರು. ಅಕ್ಕಿಯಲ್ಲಿ ಕಬ್ಬಿಣದ ಪುಡಿ, ಚೆಂಬಿನಲ್ಲಿ ಆಯಸ್ಕಾಂತ, ಅಷ್ಟೇ ಮಾಯೆ.

ಎರಡನೇ ಮಹಡಿ

ದಿಕ್ಸೂಚಿಯನ್ನು ಮಗನಿಗೆ ಆಟಕ್ಕೆ ಕೊಟ್ಟೆ. ಉತ್ತರ ದಿಕ್ಕನ್ನು ಸರಿಯಾಗೇ ತೋರಿಸುತ್ತಿದೆ, ಅಷ್ಟರ ಮಟ್ಟಿಗೆ ಸಮಾಧಾನ.

ದೀಪದ ವಿಷಯ ಹೇಳಿ. ಒಂದು ಗಜಲಕ್ಷ್ಮಿ ದೀಪ ನೋಡಿಟ್ಟಿದ್ದೇನೆ. ಪೂರ್ತಿ ಕಪ್ಪಾಗಿದೆ. ಕಪ್ಪಾಗಿದ್ದರೆ ಹಳೇದು ತಾನೆ?

ಗುಜರಿ ಗುಂಡಣ್ಣ

ಅಲ್ಲ. ಕಪ್ಪು ಮಾಡಲು ಒಂದು ಮಧ್ಯಾಹ್ನ ಸಾಕು. ಆಸಿಡ್ ಹಚ್ಚಿ, ಮಣ್ಣಲ್ಲಿ ಹೂತು ತೆಗೆದರೆ ಮೊಹೆಂಜೋದಾರೋ ಕಾಲದ್ದು ಅಂದರೂ ನಂಬಬೇಕು. ಆದರೆ ಆ ಕಪ್ಪು ಎಲ್ಲ ಕಡೆ ಒಂದೇ ಸಮ ಇರುತ್ತದೆ. ಬಳಸಿದ ದೀಪ ಹಾಗಿರುವುದಿಲ್ಲ. ಬತ್ತಿ ಇಡುವ ಮೂತಿಯಲ್ಲಿ ಎಣ್ಣೆ, ಮಸಿ ಗಟ್ಟಿಯಾಗಿ ಕೂತಿರುತ್ತದೆ. ಕೈ ಹಿಡಿಯುವ ಜಾಗ ನುಣ್ಣಗಿರುತ್ತದೆ. ತಿರುಗಿಸಿ ತಳ ನೋಡಿ. ದಿನಾ ಎತ್ತಿ ಇಳಿಸಿದ್ದಕ್ಕೆ ಸಣ್ಣ ಗೀರುಗಳು ಎಲ್ಲ ದಿಕ್ಕಿಗೂ ಇರಬೇಕು. ಮೇಲೆ ಮುನ್ನೂರು ವರ್ಷದ ಕಪ್ಪು, ತಳ ಮಾತ್ರ ನೆನ್ನೆ ಅರ ಹಾಕಿ ಉಜ್ಜಿದಂತೆ ಇದ್ದರೆ ನಮಸ್ಕಾರ ಹಾಕಿ ಬಂದುಬಿಡಿ.

ಹುಣಸೆಹಣ್ಣು

ಮೈಸೂರಿನಿಂದ ಬರೆಯುತ್ತಿದ್ದೇನೆ. ವಯಸ್ಸು 71. ನಿಮ್ಮಗಳ ಮಾತು ಓದಿ ನಗು ಬಂತು. ಕಪ್ಪಾಗಿದ್ದರೆ ಹಳೇದು ಅಂತ ಯಾರು ಹೇಳಿದ್ದು? ನಮ್ಮತ್ತೆ ಇದ್ದಿದ್ದರೆ ಕಪ್ಪಾದ ದೀಪ ನೋಡಿ ಮನೆಯಲ್ಲಿ ಹೆಣ್ಣುಮಕ್ಕಳಿಲ್ಲವಾ ಅಂತ ಕೇಳುತ್ತಿದ್ದರು.

ನಮ್ಮ ದೇವರ ಮನೆಯಲ್ಲಿ ಒಂದು ಗಜಲಕ್ಷ್ಮಿ ದೀಪ ಇದೆ. ಅತ್ತೆಯ ಅತ್ತೆ ತಂದದ್ದು. ಪ್ರತಿ ಗುರುವಾರ ಸಂಜೆ ಹುಣಸೆಹಣ್ಣು, ಉಪ್ಪು ಹಾಕಿ ಉಜ್ಜಿ, ಆಮೇಲೆ ರಂಗೋಲಿ ಪುಡಿಯಲ್ಲಿ ಒಂದು ಕೈ. ಹೀಗೆ ಉಜ್ಜಿ ಉಜ್ಜಿ ಲಕ್ಷ್ಮಿಯ ಮೂಗು ಹೋಗಿದೆ. ಕಣ್ಣು ಅಂತ ಇದ್ದ ಎರಡು ಗೆರೆ ಅಳಿಸಿವೆ. ಎಡಗಡೆ ಆನೆಯ ಸೊಂಡಿಲು ಬಲಗಡೆಯದಕ್ಕಿಂತ ತೆಳ್ಳಗಾಗಿದೆ. ಯಾಕೆ ಹೇಳಿ? ನಾವೆಲ್ಲ ಎಡಗೈಯಲ್ಲಿ ದೀಪ ಹಿಡಿದು ಬಲಗೈಯಲ್ಲಿ ಉಜ್ಜುವವರು, ಆ ಕಡೆಗೇ ಜಾಸ್ತಿ ಒತ್ತಡ ಬೀಳುತ್ತದೆ. ನನ್ನ ಸೊಸೆ ಎಡಚಿ. ಇನ್ನು ಐವತ್ತು ವರ್ಷ ಹೋದರೆ ಎರಡೂ ಸೊಂಡಿಲು ಸಮ ಆಗಬಹುದು.

ಹಳೇ ದೀಪ ಅಂದರೆ ನನ್ನ ಲೆಕ್ಕದಲ್ಲಿ ಇದು. ಮುಖ ಸವೆದಿರಬೇಕು.

ಎರಡನೇ ಮಹಡಿ

ಅಮ್ಮಾ, ಇದನ್ನು ಓದಿ ಎದ್ದು ಹೋಗಿ ನಮ್ಮ ದೇವರ ಮನೆ ದೀಪ ನೋಡಿದೆ. 2016ರಲ್ಲಿ ಮದುವೆಗೆ ಕೊಟ್ಟದ್ದು. ಮೂಗು ಚೂಪಾಗೇ ಇದೆ.

ಬಳೇಪೇಟೆ ಬಾಬು

ಹುಣಸೆಹಣ್ಣು ಅಮ್ಮನವರಿಗೆ ನಮಸ್ಕರಿಸುತ್ತಲೇ ಒಂದು ಜಗಳ ತೆಗೆಯುತ್ತೇನೆ. ದೇವರ ಮನೆಯಲ್ಲಿ ಉರಿಯುವ ದೀಪ ಉಜ್ಜಿ, ಸರಿ. ಆದರೆ ಅಂಗಡಿಯಿಂದ ತಂದ ನೂರು ವರ್ಷದ ಕಂಚನ್ನೋ ತಾಮ್ರವನ್ನೋ ಬಂದ ದಿನವೇ ಹುಣಸೆಹಣ್ಣಿನಲ್ಲಿ ಅದ್ದಬೇಡಿ. ಮೇಲೆ ಕೂತ ಆ ಕಂದುಬಣ್ಣ ಬರಲು ಹತ್ತಾರು ವರ್ಷ ಬೇಕು. ಹೋಗಲು ಹತ್ತು ನಿಮಿಷ. ಸಂಗ್ರಹಕಾರರು ಹಣ ಕೊಡುವುದೇ ಆ ಬಣ್ಣಕ್ಕೆ. ಹಸಿರು ಕಿಲುಬು ಪುಡಿಪುಡಿಯಾಗಿ ಉದುರುತ್ತಿದ್ದರೆ ಮಾತ್ರ ತೆಗೆಯಬೇಕು. ಉಳಿದಂತೆ ಒಣ ಬಟ್ಟೆ ಸಾಕು.

ಹುಣಸೆಹಣ್ಣು

ಹಣಕ್ಕಾದರೆ ನೀವು ಹೇಳಿದ್ದು. ಹಬ್ಬಕ್ಕಾದರೆ ನಾನು ಹೇಳಿದ್ದು.

ಕೋಟೆ ಮಣ್ಣು

ಉಜ್ಜುವ ಮಾತು ಬಂತಲ್ಲ, ಬೀದರಿನವನಾಗಿ ಕೈಮುಗಿದು ಕೇಳುತ್ತೇನೆ. ಬಿದರಿ ಸಾಮಾನು ಮಾತ್ರ ಹುಣಸೆಹಣ್ಣು, ನಿಂಬೆಹಣ್ಣು, ಹಿತ್ತಾಳೆ ಪುಡಿ ಯಾವುದಕ್ಕೂ ತೋರಿಸಬೇಡಿ. ಬೆಂಗಳೂರಿನ ನಮ್ಮ ಬಂಧುಗಳ ಮನೆಯಲ್ಲಿ ಅಜ್ಜನ ಕಾಲದ ಹೂದಾನಿ ಇತ್ತು. ಕೆಲಸದವರು ಕಪ್ಪಾಗಿದೆ ಅಂತ ಪುಡಿ ಹಾಕಿ ತಿಕ್ಕಿದರು. ಸಂಜೆ ಬಂದು ನೋಡಿದರೆ ಬೂದಿ ಬಣ್ಣದ ತಗಡು. ಬೆಳ್ಳಿ ಬಳ್ಳಿ ಎಲ್ಲಿ ಶುರು, ಎಲ್ಲಿ ಮುಗೀತು ಅಂತಲೇ ಕಾಣುತ್ತಿರಲಿಲ್ಲ.

ಬಿದರಿ ಅಂದರೆ ಬಹುಪಾಲು ಸತು, ಜೊತೆಗೆ ಸ್ವಲ್ಪ ತಾಮ್ರ. ಎರಕ ಹೊಯ್ದಾಗ ಅದು ಬೂದಿ ಬಣ್ಣವೇ. ಉಳಿಯಿಂದ ಗೆರೆ ಕೊರೆದು ಬೆಳ್ಳಿ ತಂತಿ ಕೂರಿಸಿ, ಕೊನೆಗೆ ಬೀದರ್ ಕೋಟೆಯ ಮಣ್ಣನ್ನು ನವಸಾಗರದ (ಅಮೋನಿಯಂ ಕ್ಲೋರೈಡ್) ಜೊತೆ ನೀರಲ್ಲಿ ಕಾಯಿಸಿ ಹಚ್ಚುತ್ತಾರೆ. ಸತು ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಕೆಲಸಗಾರರು ಆ ಮಣ್ಣನ್ನು ನಾಲಿಗೆಗೆ ಹಚ್ಚಿ ರುಚಿ ನೋಡಿ ಆರಿಸುವುದನ್ನು ನಾನೇ ನೋಡಿದ್ದೇನೆ. ಬಿಸಿಲು ಮಳೆ ಕಾಣದ ಜಾಗದ ಮಣ್ಣೇ ಆಗಬೇಕು.

ಕಪ್ಪು ಮಂಕಾದರೆ ಒಂದು ಹನಿ ಕೊಬ್ಬರಿ ಎಣ್ಣೆ ಹಚ್ಚಿ ಮೆತ್ತನೆ ಬಟ್ಟೆಯಲ್ಲಿ ಒರೆಸಿ. ಪೂರ್ತಿ ಹೋಗಿದ್ದರೆ ಬೀದರಿಗೇ ತನ್ನಿ, ಮತ್ತೆ ಕಪ್ಪು ಮಾಡಿಕೊಡುವವರಿದ್ದಾರೆ. ಆ ಹೂದಾನಿಯೂ ಹಾಗೇ ಬದುಕಿತು.

ಮಲೆನಾಡ ಅಟ್ಟ

ಲೋಹದ್ದೇ ಮಾತಾಯ್ತು. ಮರದವರು ಯಾರೂ ಇಲ್ಲವಾ? ನಮ್ಮ ತೀರ್ಥಹಳ್ಳಿ ಕಡೆ ಹಳೇ ಮನೆ ಕೆಡವಿದಾಗೆಲ್ಲ ಲಾರಿ ಬಂದು ನಿಲ್ಲುತ್ತದೆ. ಕಂಬ, ಬಾಗಿಲು, ತೂಗುಮಣೆ, ಬೀಟೆ ಮಂಚ, ಕೈ ಉದ್ದ ಇರುವ ಆರಾಮ ಕುರ್ಚಿ, ಎಲ್ಲ ಹೋಗುತ್ತದೆ. ಅದೇ ಕುರ್ಚಿ ಬೆಂಗಳೂರಿನಲ್ಲಿ ಹತ್ತು ಪಟ್ಟು ಬೆಲೆಗೆ ಕೂತಿರುವುದನ್ನು ನೋಡಿ ಹೊಟ್ಟೆ ಉರಿದಿದೆ.

ಮರದ ಸಾಮಾನು ಕೊಳ್ಳುವಾಗ ಮುಂದೆ ನೋಡಬೇಡಿ, ಹಿಂದೆ ನೋಡಿ. ಡ್ರಾಯರ್ ಪೂರ್ತಿ ಹೊರಗೆ ಎಳೆದು ತಿರುಗಿಸಿ. ತಳದಲ್ಲಿ ಪ್ಲೈವುಡ್ ಇದ್ದರೆ ಒಂದೋ ರಿಪೇರಿ ಆಗಿದೆ, ಇಲ್ಲ ಹೊಸದು. ಮೂಲೆಯ ಹಲ್ಲುಜೋಡಣೆ ಕೈಯಲ್ಲಿ ಕತ್ತರಿಸಿದ್ದಾದರೆ ಒಂದು ಹಲ್ಲು ದಪ್ಪ, ಒಂದು ಸಣ್ಣ ಇರುತ್ತದೆ. ಸ್ಕ್ರೂ ನೋಡಿ. ನಕ್ಷತ್ರದ ತಲೆಯ ಸ್ಕ್ರೂ ಬಳಕೆಗೆ ಬಂದದ್ದೇ 1930ರ ದಶಕದಲ್ಲಿ, ಅದೂ ಅಮೆರಿಕದಲ್ಲಿ. ನೂರೈವತ್ತು ವರ್ಷದ ಪೆಟ್ಟಿಗೆ ಅಂತ ಹೇಳಿ ಅಂಥ ಸ್ಕ್ರೂ ತೋರಿಸಿದರೆ ಯಾವಾಗ ಹಾಕಿಸಿದಿರಿ ಅಂತ ಕೇಳಿ.

ಕುಟ್ಟೆ ಹುಳ ಮಾತ್ರ ಮರೆಯಬೇಡಿ. ಸಣ್ಣ ತೂತು ಇದ್ದರೆ ಪರವಾಗಿಲ್ಲ, ಹಳೇ ಮರದಲ್ಲಿ ಇದ್ದೇ ಇರುತ್ತದೆ. ಕೆಳಗೆ ಕರಿ ಬಟ್ಟೆ ಹಾಸಿ ನಾಲ್ಕು ದಿನ ಬಿಡಿ. ಗೋಧಿ ಹಿಟ್ಟಿನಂಥ ಪುಡಿ ಬಿದ್ದರೆ ಹುಳ ಒಳಗೆ ಊಟ ಮಾಡುತ್ತಿದೆ ಅಂತ ಅರ್ಥ. ಔಷಧವನ್ನು ಸಿರಿಂಜಿನಲ್ಲಿ ತೂತಿಗೆ ಹಾಕಿ ಮೇಣದಿಂದ ಮುಚ್ಚಿ. ಅಲ್ಲಿಯವರೆಗೆ ಮನೆಯೊಳಗೆ ಬೇಡ. ನಾನು ಹಾಗೆ ಮಾಡದೆ ಒಂದು ಹಲಸಿನ ಪೆಟ್ಟಿಗೆ ತಂದು, ಪಕ್ಕದ ಪುಸ್ತಕದ ಕಪಾಟನ್ನೂ ಕಳಕೊಂಡೆ.

ಕರಾವಳಿ ಕಂಚು

ಮಾರಾಯ್ರೆ, ನಾನು ಉಡುಪಿಯವ. ಹಳೇ ಮನೆ ಕೆಡವುವ ಮಾತಿಗೆ ಮನಸ್ಸು ಚುರುಕ್ ಅಂತು. ಮಣಿಪಾಲದ ಹಸ್ತಶಿಲ್ಪ ಹೆರಿಟೇಜ್ ವಿಲೇಜ್ ನೋಡದಿದ್ದರೆ ಒಮ್ಮೆ ಬನ್ನಿ. ವಿಜಯನಾಥ ಶೆಣೈ ಅವರು ಬ್ಯಾಂಕ್ ನೌಕರಿಯಲ್ಲಿದ್ದವರು. ಕೆಡವಲು ಹೊರಟ ಮನೆಗಳನ್ನೇ ಬಿಚ್ಚಿ ತಂದು ಮತ್ತೆ ನಿಲ್ಲಿಸಿದರು. ಅಲ್ಲಿ ಒಂದು ದಿನ ಕಳೆದರೆ ಯಾವುದು ಅಸಲಿ ಅಂತ ಕಣ್ಣಿಗೆ ಅಭ್ಯಾಸ ಆಗುತ್ತದೆ. ಅಂಗಡಿಯಲ್ಲಿ ಆ ಪಾಠ ಕಲಿಯಲು ದುಡ್ಡು ಬೇಕು.

ಕಡಿಮೆ ಖರ್ಚಲ್ಲಿ ಗೋಡೆಗೆ ಏನಾದರೂ ಬೇಕಾದರೆ ಹಳೇ ಹಂಚು ನೋಡಿ. ಬಾಸೆಲ್ ಮಿಷನ್ನವರು ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ್ದು 1865ರಲ್ಲಿ. ಹಂಚಿನ ಬೆನ್ನಲ್ಲಿ ಕಾರ್ಖಾನೆ ಹೆಸರು ಉಬ್ಬಿಕೊಂಡಿರುತ್ತದೆ. ಹಾಗೇ ಹಳೇ ಮನೆಗಳ ಗೋಡೆಯಲ್ಲಿ ಹೂವು, ನವಿಲು, ದೇವರ ಚಿತ್ರ ಇರುವ ಬಣ್ಣದ ಬಿಲ್ಲೆಕಲ್ಲು ಇರುತ್ತದಲ್ಲ, ಅದರಲ್ಲಿ ತುಂಬಾ ಬಿಲ್ಲೆಗಳ ಬೆನ್ನಲ್ಲಿ ಮೇಡ್ ಇನ್ ಜಪಾನ್ ಅಂತ ಇರುತ್ತದೆ. ಲಕ್ಷ್ಮಿ, ಸರಸ್ವತಿಯರ ಚಿತ್ರವನ್ನು ಜಪಾನಿನವರು ಸುಟ್ಟು, ಹಡಗಿಗೆ ಹಾಕಿ ಇಲ್ಲಿಗೆ ಮಾರುತ್ತಿದ್ದ ಕಾಲ ಅದು.

ಒಂದು ವಿಷಯ ಮಾತ್ರ ಖಡಾಖಂಡಿತ. ಭೂತದ ಮೊಗ, ಅಂದರೆ ಭೂತಾರಾಧನೆಯ ಮುಖವಾಡ, ಕೊಳ್ಳಬೇಡಿ. ಪಂಜುರ್ಲಿಯ ಮೊಗ ಲಿವಿಂಗ್ ರೂಮಿಗೆ ಒಳ್ಳೇ ಲುಕ್ ಕೊಡುತ್ತದೆ ಅಂತ ನನಗೇ ಮೆಸೇಜ್ ಮಾಡಿದವರಿದ್ದಾರೆ. ಹೊಸದಾಗಿ ಮಾಡಿದ್ದು ಬೇಕಾದರೆ ಅದು ನಿಮ್ಮಿಷ್ಟ. ಹಳೇದು ಅಂದರೆ ಅದು ಯಾವುದೋ ಸಾನದಿಂದ (ಭೂತದ ಗುಡಿಯಿಂದ), ಚಾವಡಿಯಿಂದ ಬಂದಿರಬೇಕು. ಅವರಾಗಿ ಕೊಟ್ಟಿರುವ ಸಾಧ್ಯತೆ ಕಮ್ಮಿ. ನೋಡುವ ಆಸೆ ಇದ್ದರೆ ದೆಹಲಿಯ ಕ್ರಾಫ್ಟ್ಸ್ ಮ್ಯೂಸಿಯಮ್ಮಿನಲ್ಲಿ ನಮ್ಮ ಕಡೆಯ ದೊಡ್ಡ ದೊಡ್ಡ ಮರದ ಭೂತಗಳಿವೆ. ಅವುಗಳ ಎದುರು ನಿಂತರೆ ಮನೆಗೆ ತರುವ ಯೋಚನೆ ತಾನೇ ಬಿಟ್ಟುಹೋಗುತ್ತದೆ.

ಎಡಿಸನ್ ಕನ್ನಡತಿ

ನ್ಯೂಜೆರ್ಸಿಯಿಂದ. ನನ್ನದು ಬೇರೆ ಕಷ್ಟ. ಡಿಸೆಂಬರಿನಲ್ಲಿ ಊರಿಗೆ ಬರುತ್ತಿದ್ದೇನೆ. ಶಿವಮೊಗ್ಗದ ಮನೆ ಮಾರುತ್ತಿದ್ದಾರೆ. ಅಜ್ಜಿಯ ಹಿತ್ತಾಳೆ ತೂಗುದೀಪ, ದಂತದ ಕೆತ್ತನೆ ಇರುವ ಬೀಟೆ ಪೆಟ್ಟಿಗೆ, ಮತ್ತೆ ಒಂದು ಸಣ್ಣ ಕಂಚಿನ ಕೃಷ್ಣನನ್ನು ತರಬೇಕು. ಲಗೇಜಿನಲ್ಲಿ ಹಾಕಿ ತಂದರೆ ತೊಂದರೆ ಆಗುತ್ತಾ?

ಬಳೇಪೇಟೆ ಬಾಬು

ಮೂರೂ ತೊಂದರೆಯೇ, ಬೇರೆ ಬೇರೆ ಥರ. 1972ರ ಪುರಾತನ ವಸ್ತುಗಳ ಕಾಯ್ದೆ ಪ್ರಕಾರ ನೂರು ವರ್ಷ ಅಥವಾ ಅದಕ್ಕಿಂತ ಹಳೆಯದಾದರೆ ಅದು ಪುರಾತನ ವಸ್ತು. ಕೆಲವು ಬಗೆಯ ಹಸ್ತಪ್ರತಿಗಳಿಗೆ 75 ವರ್ಷ. ಅದನ್ನು ನಾವು ನೀವು ದೇಶದ ಹೊರಗೆ ಒಯ್ಯುವ ಹಾಗಿಲ್ಲ. ಸ್ವಂತ ಅಜ್ಜಿಯದ್ದೇ ಆದರೂ ಅಷ್ಟೇ. ಮನೆಯಲ್ಲಿ ಇಟ್ಟುಕೊಳ್ಳಬಹುದು. ಆದರೆ ಹಳೇ ವಿಗ್ರಹ, ಚಿತ್ರಗಳಂಥ ಕೆಲವನ್ನು ನೋಂದಣಿ ಮಾಡಿಸಬೇಕು.

ದೀಪ ಅಷ್ಟು ಹಳೇದಲ್ಲ ಅನ್ನಿಸಿದರೆ ಎಎಸ್‌ಐಗೆ (ಕೇಂದ್ರದ ಪುರಾತತ್ವ ಇಲಾಖೆ) ಫೋಟೋ ಸಮೇತ ಅರ್ಜಿ ಹಾಕಿ, ಪುರಾತನ ವಸ್ತು ಅಲ್ಲ ಅಂತ ಪ್ರಮಾಣಪತ್ರ ತೆಗೆದುಕೊಳ್ಳಿ. ಬೆಂಗಳೂರಿನಲ್ಲೂ ಅವರ ಕಚೇರಿ ಇದೆ. ಡಿಸೆಂಬರಿನಲ್ಲಿ ಬಂದು ಡಿಸೆಂಬರಿನಲ್ಲೇ ಹೋಗುವ ಲೆಕ್ಕದಲ್ಲಿ ಇದು ಆಗುವ ಕೆಲಸ ಅಲ್ಲ. ಈಗಲೇ ಮನೆಯವರಿಂದ ಶುರು ಮಾಡಿಸಿ. ಏರ್‌ಪೋರ್ಟಿನಲ್ಲಿ ನೋಡಲು ಹಳೇದಾಗಿ ಕಂಡರೂ ಸಾಕು, ನಿಲ್ಲಿಸುತ್ತಾರೆ.

ದಂತದ ಪೆಟ್ಟಿಗೆಯನ್ನು ಮರೆತುಬಿಡಿ. ಮೈಸೂರಿನ ಹಳೇ ಬೀಟೆ ಕೆಲಸದಲ್ಲಿ ಆನೆ ದಂತ ಕೂರಿಸುತ್ತಿದ್ದರು, ಈಗ ಪ್ಲಾಸ್ಟಿಕ್ ಹಾಕುತ್ತಾರೆ. ವನ್ಯಜೀವಿ ಕಾಯ್ದೆಗೆ 1986ರಲ್ಲಿ, 1991ರಲ್ಲಿ ತಿದ್ದುಪಡಿ ಆದ ಮೇಲೆ ದಂತದ ವ್ಯಾಪಾರ ಪೂರ್ತಿ ನಿಂತಿದೆ. ಮಾರುವುದೂ ತಪ್ಪು, ಕೊಳ್ಳುವುದೂ ತಪ್ಪು. ಮಲೆನಾಡು, ಕೊಡಗಿನ ಮನೆಗಳ ಗೋಡೆ ಮೇಲಿನ ಜಿಂಕೆ ಕೊಂಬಿನ ಕತೆಯೂ ಇದೇ. 2023ರಲ್ಲಿ ಹುಲಿ ಉಗುರಿನ ಪದಕ ಹಾಕಿಕೊಂಡವರ ಮೇಲೆ ಕೇಸಾಗಿ ಗಲಾಟೆ ಆಯ್ತಲ್ಲ, ಆಗ ಎಷ್ಟು ಜನ ಕತ್ತು ಮುಟ್ಟಿ ನೋಡಿಕೊಂಡರೋ.

ಎಡಿಸನ್ ಕನ್ನಡತಿ

ಥ್ಯಾಂಕ್ಸ್ ಬಾಬು ಅವರೇ. ಕೃಷ್ಣನನ್ನು ತಂಗಿ ಮನೆಯಲ್ಲಿ ಬಿಡುತ್ತೇನೆ. ಯೋಚಿಸಿದರೆ ಅದೇ ಸರಿ. ಅಲ್ಲಿ ದಿನಾ ಹೂವು ಸಿಗುತ್ತದೆ. ಇಲ್ಲಿ ನಾನು ಶನಿವಾರ ನೆನಪಾದರೆ ಪುಣ್ಯ.

ಕಟ್ಟು ಹಾಕುವವನು

ನಾನು ಫೋಟೋಗೆ ಕಟ್ಟು ಹಾಕುವ ಅಂಗಡಿಯವನು. ರವಿವರ್ಮ ಪ್ರಿಂಟ್ ಕೇಳಿಕೊಂಡು ಬರುವವರು ಜಾಸ್ತಿ, ಅದಕ್ಕೆ ಒಂದು ಮಾತು. ಅವರ ಪ್ರೆಸ್ಸು 1894ರಲ್ಲಿ ಮುಂಬಯಿಯಲ್ಲಿ ಶುರುವಾಗಿ ಆಮೇಲೆ ಲೋನಾವಳದ ಹತ್ತಿರ ಮಳವ್ಲಿಗೆ ಹೋಯಿತು. ನಮ್ಮ ಮಂಡ್ಯದ ಮಳವಳ್ಳಿ ಅಲ್ಲ, ಹಾಗಂದುಕೊಂಡು ಬಂದವರೂ ಇದ್ದಾರೆ. ಅಲ್ಲಿ ಒತ್ತುತ್ತಿದ್ದದ್ದು ಕಲ್ಲಚ್ಚು, ಅಂದರೆ ಕಲ್ಲಿನ ಮೇಲೆ ಚಿತ್ರ ಬಿಡಿಸಿ ಕಾಗದಕ್ಕೆ ಒತ್ತುವುದು. ಒಂದೊಂದು ಬಣ್ಣಕ್ಕೂ ಬೇರೆ ಕಲ್ಲು.

ಭೂತಗನ್ನಡಿ ಹಿಡಿದು ಕೆನ್ನೆಯ ಭಾಗ ನೋಡಿ. ಹಳೇ ಕಲ್ಲಚ್ಚಾದರೆ ಕೈಯಲ್ಲಿ ಇಟ್ಟ ಚುಕ್ಕಿಗಳು, ಒಂದು ದಪ್ಪ, ಒಂದು ಸಣ್ಣ, ಸಾಲಿಲ್ಲ ಏನಿಲ್ಲ. ಈಗಿನ ಆಫ್‌ಸೆಟ್ ಆದರೆ ನಾಲ್ಕು ಬಣ್ಣದ ಚುಕ್ಕಿ ಸಿಪಾಯಿಗಳ ಥರ ಸಾಲಾಗಿ ನಿಂತಿರುತ್ತವೆ. ಕೆಲವು ಪ್ರಿಂಟಿಗೆ ಮನೆಯ ಹೆಂಗಸರು ಜರಿ, ಚಮಕಿ, ಬಟ್ಟೆ ಅಂಟಿಸಿ ಸೀರೆ ಉಡಿಸಿರುತ್ತಾರೆ. ಅದನ್ನು ಹಾಳಾಗಿದೆ ಅಂತ ಕೀಳಬೇಡಿ. ನನ್ನ ಕೇಳಿದರೆ ಅದೇ ಜಾಸ್ತಿ ಬೆಲೆಬಾಳುವುದು.

ಹಳೇ ಕಟ್ಟು, ಹಳೇ ಗಾಜು ಚೆನ್ನಾಗಿದ್ದರೆ ಹಾಗೇ ಇರಲಿ. ಗಾಜಿನಲ್ಲಿ ಅಲೆಅಲೆಯಾಗಿ ಕಾಣುತ್ತದೆ ಅಂತ ಬದಲಾಯಿಸಲು ತರುತ್ತಾರೆ. ನನಗೆ ಕೂಲಿ ಸಿಗುತ್ತದೆ, ಆದರೂ ಬೇಡ ಅಂತ ಹೇಳಿ ಕಳಿಸುತ್ತೇನೆ.

ಎರಡನೇ ಮಹಡಿ

ಇಷ್ಟೆಲ್ಲ ಓದಿದ ಮೇಲೆ ಅಂಗಡಿಗೆ ಹೋಗಲು ಧೈರ್ಯ ಇಲ್ಲ. ಮುಂಬಯಿಯ ಚೋರ್ ಬಜಾರ್, ತಮಿಳುನಾಡಿನ ಕಾರೈಕುಡಿ, ಕೊಚ್ಚಿಯ ಮಟ್ಟಾಂಚೇರಿ ಅಂತೆಲ್ಲ ಹೆಸರು ಕೇಳಿದ್ದೇನೆ. ಅಲ್ಲಿಗೆ ಹೋದರೆ ಅಸಲಿ ಸಿಗುತ್ತದಾ?

ಗುಜರಿ ಗುಂಡಣ್ಣ

ಮೂರಕ್ಕೂ ಹೋಗಿದ್ದೇನೆ. ಮುಂಬಯಿ ಚೋರ್ ಬಜಾರಿನ ಮಟನ್ ಸ್ಟ್ರೀಟಿನಲ್ಲಿ ಅಸಲಿ, ನಕಲಿ ಒಂದೇ ಕಪಾಟಿನಲ್ಲಿ ಅಣ್ಣತಮ್ಮಂದಿರ ಥರ ಕೂತಿರುತ್ತವೆ. ಕಾರೈಕುಡಿಯಲ್ಲಿ ಚೆಟ್ಟಿಯಾರ್ ಮನೆಗಳಿಂದ ಬಂದ ಪಿಂಗಾಣಿ ಜಾಡಿ, ಎನಾಮಲ್ ಡಬ್ಬಿ ಚೆನ್ನಾಗಿ ಸಿಗುತ್ತವೆ. ಎನಾಮಲ್ ಡಬ್ಬಿಯ ತಳ ನೋಡಿ, ಸ್ವೀಡನ್, ಆಸ್ಟ್ರಿಯಾ ಅಂತೆಲ್ಲ ಮುದ್ರೆ ಇರುತ್ತದೆ. ಅಂಚಲ್ಲಿ ಎರಡು ಕಡೆ ಚಕ್ಕೆ ಎದ್ದಿದ್ದರೆ ಬೇಜಾರಾಗಬೇಡಿ, ಬೆಲೆ ಇಳಿಸಲು ಅದೇ ದಾರಿ. ಮಟ್ಟಾಂಚೇರಿ ನೋಡಲು ಚೆಂದ, ಕೊಳ್ಳಲು ದುಬಾರಿ.

ಬೆಂಗಳೂರಿನಲ್ಲಿ ಚಿಕ್ಕಪೇಟೆ ಸುತ್ತಿನ ಭಾನುವಾರದ ಬಜಾರಿಗೆ ಬೆಳಗ್ಗೆ ಏಳಕ್ಕೆ ಹೋಗಿ. ಒಂಬತ್ತರ ಮೇಲೆ ಸಿಗುವುದು ನೂಕುನುಗ್ಗಲು ಮಾತ್ರ. ನನಗೆ ಒಳ್ಳೇ ಮಾಲು ಸಿಕ್ಕಿದ್ದು ಮಾತ್ರ ಆಂಟಿಕ್ ಅಂತ ಬೋರ್ಡ್ ಇರುವ ಕಡೆ ಅಲ್ಲ, ಗುಜರಿ ಅಂಗಡಿಯಲ್ಲಿ. ಅಲ್ಲಿ ಹಿತ್ತಾಳೆಗೆ ವಯಸ್ಸಿಲ್ಲ, ತೂಕ ಮಾತ್ರ. ಒಂದು ಅಚ್ಚೇರು, ಒಂದು ಪಾವು, ಎರಡು ಚಟಾಕು ಕಿಲೋ ಲೆಕ್ಕದಲ್ಲಿ ತಂದೆ. 1958ರಿಂದ ಮೆಟ್ರಿಕ್ ತೂಕ ಬಂದ ಮೇಲೆ ಅಂಗಡಿಗಳಲ್ಲಿ ಅವಕ್ಕೆ ಕೆಲಸ ಹೋಯಿತು. ಅಡುಗೆಮನೆಯಲ್ಲಿ ಮಾತ್ರ ಇವತ್ತೂ ಪಾವು ಅಕ್ಕಿಯೇ, ಅಲ್ವಾ?

ಹುಣಸೆಹಣ್ಣು

ಕಾರೈಕುಡಿ ಯಾಕಮ್ಮಾ? ನಿನ್ನ ತವರು ಯಾವೂರು? ಅಲ್ಲಿ ಅಟ್ಟ ಇಲ್ಲವಾ?

ಎರಡನೇ ಮಹಡಿ

ತಿಪಟೂರು ಪಕ್ಕದ ಹಳ್ಳಿ ಅಮ್ಮಾ. ಅಟ್ಟ ಇದೆ. ನಾನು ಹತ್ತಿ ಇಪ್ಪತ್ತು ವರ್ಷ ಆಯ್ತು. ಯುಗಾದಿಗೆ ಹೋಗುತ್ತೇನೆ, ನೋಡುತ್ತೇನೆ.

ಹುಬ್ಬಳ್ಳಿ ಗಂಗಾಳ

ಏನಾದರೂ ಉಳಿದಿದ್ದರೆ ನಿಮ್ಮ ಪುಣ್ಯ. ನಮ್ಮ ಮನೆಯಲ್ಲಿ ಸ್ಟೀಲ್ ಪಾತ್ರೆಯವ ಸೈಕಲ್ ಮೇಲೆ ಬರುತ್ತಿದ್ದ. ಅವ್ವ ಹಿತ್ತಾಳೆ ಹಂಡೆ, ಕೊಡ, ಗಂಗಾಳ ಎಲ್ಲ ತೂಕಕ್ಕೆ ಹಾಕಿ ಹನ್ನೆರಡು ಸ್ಟೀಲ್ ತಾಟು ತಗೊಂಡಳು. ಬೈಯಲು ಆಗುವುದಿಲ್ಲ. ದಿನಾ ಬೂದಿ ಹಚ್ಚಿ ತಿಕ್ಕಿ ತಿಕ್ಕಿ ಕೈ ಒಡೆದವಳು ಅವಳು. ಕಲಾಯಿಯವನ ದಾರಿ ಕಾದವಳೂ ಅವಳೇ. ಸ್ಟೀಲ್ ತಾಟು ಬಂದ ದಿನ ಓಣಿಯವರನ್ನೆಲ್ಲ ಕರೆದು ತೋರಿಸಿದ್ದಳಂತೆ.

ಎರಡನೇ ಮಹಡಿ

ಯುಗಾದಿ ಮುಗಿಸಿ ಬಂದೆ. ಉದ್ದ ಬರೆಯುತ್ತೇನೆ, ಕ್ಷಮಿಸಿ.

ಏಣಿ ಹಾಕಿ ಅಟ್ಟ ಹತ್ತಿದೆ. ಹಳೇ ಕೊಬ್ಬರಿ ಮೂಟೆ, ಮುರಿದ ತೊಟ್ಟಿಲು, ಇಲಿ ಕಡಿದ ಪಂಚಾಂಗಗಳು. ಒಂದು ಗೋಣಿಚೀಲದಲ್ಲಿ ಎರಡು ಸಾಮಾನು ಸಿಕ್ಕಿದವು. ಒಂದು ಅಡಕತ್ತರಿ. ಹಿತ್ತಾಳೆ ಹಿಡಿ, ಕಬ್ಬಿಣದ ಅಲಗು. ಹಿಡಿಯ ತುದಿ ಗಿಳಿಯ ಮೂತಿಯಂತೆ ಬಗ್ಗಿದೆ. ಅಲಗು ನಡುವಲ್ಲಿ ಚಂದ್ರನ ಥರ ಸವೆದಿದೆ. ಗಿಳಿಯ ಒಂದು ಕಣ್ಣಿನ ತೂತಲ್ಲಿ ಒಣಗಿದ ಸುಣ್ಣ ಇನ್ನೂ ಕೂತಿದೆ.

ಇನ್ನೊಂದು ಬಟ್ಟೆಯಲ್ಲಿ ಸುತ್ತಿದ ದೊಡ್ಡ ತಾಮ್ರದ ಚೆಂಬು. ಕತ್ತಿನ ಕೆಳಗೆ ಚುಕ್ಕಿ ಚುಕ್ಕಿಯಾಗಿ ಎರಡು ಅಕ್ಷರ ಕೊರೆದಿದೆ. ನಮ್ಮ ಮನೆಯಲ್ಲಿ ಆ ಅಕ್ಷರದ ಹೆಸರಿನವರು ಯಾರೂ ಇಲ್ಲ. ಒಳಗೆ ಗೀರೇ ಇಲ್ಲ, ತಳಕ್ಕೆ ಮಸಿ ಇಲ್ಲ. ಗುಂಡಣ್ಣ ಹೇಳಿದ್ದು ನೆನಪಾಗಿ ಇದೂ ನಕಲಿಯೇನೋ ಅಂದುಕೊಂಡೆ!

ಕೆಳಗೆ ತಂದು ಅಜ್ಜಿಗೆ ತೋರಿಸಿದೆ. ಅಜ್ಜಿಗೆ 86. ಚೆಂಬು ನೋಡಿದವರೇ "ಅದನ್ಯಾಕೆ ಇಳಿಸಿದೆ, ಮೇಲಿಡು" ಅಂದರು. ಆಮೇಲೆ ಹೇಳಿದರು. ಅಜ್ಜಿಯ ಮಾವನ ಕಾಲದಲ್ಲಿ ಮಳೆ ಹೋದ ಒಂದು ವರ್ಷ ಪಕ್ಕದೂರಿನ ಹೆಂಗಸು ಬಂದು ಈ ಚೆಂಬು ಅಡ ಇಟ್ಟು ರಾಗಿ ಒಯ್ದರಂತೆ. ಬಿಡಿಸಿಕೊಳ್ಳಲು ಬರಲೇ ಇಲ್ಲ. ಮಾವ ಅದನ್ನು ಬಳಸಲು ಬಿಡಲಿಲ್ಲ. ಸ್ಟೀಲ್ ಪಾತ್ರೆಯವನು ಬಂದಾಗ ನಮ್ಮ ಮನೆಯಲ್ಲೂ ಹಂಡೆ, ಕೊಳಗ ಎಲ್ಲ ಹೋದವು. ಇದನ್ನು ಮಾತ್ರ ಅಜ್ಜಿ ತೂಕಕ್ಕೆ ಹಾಕಲಿಲ್ಲ. "ನಮ್ದಲ್ವಲ್ಲ" ಅಂದರು.

ನಾನು ಒಂದೆರಡು ಸಲ ಕೇಳಿದೆ. ಶೋಕೇಸಿನಲ್ಲಿ ಜೋಪಾನವಾಗಿ ಇಡುತ್ತೇನೆ, ನೀರೂ ಹಾಕುವುದಿಲ್ಲ ಅಂದೆ. ಕೊಡಲಿಲ್ಲ. ಯಾರಾದರೂ ಕೇಳಿಕೊಂಡು ಬಂದರೆ ಬೆಂಗಳೂರಿಗೆ ಫೋನ್ ಮಾಡೋಕಾಗುತ್ತಾ ಅಂತ ಕೇಳಿದರು. ನಾನೇ ಮತ್ತೆ ಬಟ್ಟೆಯಲ್ಲಿ ಸುತ್ತಿ ಅಟ್ಟದ ಮೇಲಿಟ್ಟು ಬಂದೆ. ಫೋಟೋ ತೆಗೆಯುವುದೂ ಮರೆತುಹೋಯಿತು.

ಅಡಕತ್ತರಿ ಮಾತ್ರ ಕೊಟ್ಟರು. ಈಗ ಹಾಲ್‌ನ ಗೋಡೆ ಮೇಲೆ ಅದೊಂದೇ ಇದೆ. ಉಳಿದದ್ದು ಬೋಳೇ.

ಬಳೇಪೇಟೆ ಬಾಬು

ಆ ಚೆಂಬನ್ನು ನೋಡಲು ನಾನು ತಿಪಟೂರಿಗೆ ಬರಬಹುದಾ? ಕೊಳ್ಳಲು ಅಲ್ಲ.

ಎರಡನೇ ಮಹಡಿ

ಅಜ್ಜಿಯನ್ನು ಕೇಳಿ ಹೇಳುತ್ತೇನೆ. ಅವರು ನಿಮ್ಮ ಊರು, ನಿಮ್ಮ ಅಜ್ಜಿ ಊರು ಎಲ್ಲ ಕೇಳುತ್ತಾರೆ, ತಯಾರಾಗಿರಿ.

ಹುಣಸೆಹಣ್ಣು

ಅಡಕತ್ತರಿಯನ್ನು ಗೋಡೆಗೆ ಯಾಕೆ ಹಾಕಿದೆ? ಅಡಿಕೆ ಕತ್ತರಿಸುತ್ತಾ ನೋಡಿದೆಯಾ?

ಎರಡನೇ ಮಹಡಿ

ನೋಡಿದೆ ಅಮ್ಮಾ. ಕೀಲು ಬಿಗಿಯಾಗಿದೆ, ಬಾಯಿ ಅರ್ಧಕ್ಕೇ ನಿಲ್ಲುತ್ತದೆ. ಕೊಬ್ಬರಿ ಎಣ್ಣೆ ಬಿಡಲಾ?

ಹುಣಸೆಹಣ್ಣು

ಬೇಡ, ಆಮೇಲೆ ಅಂಟಾಗುತ್ತದೆ. ಹೊಲಿಗೆ ಮಿಷನ್ನಿನ ಎಣ್ಣೆ ಎರಡು ಹನಿ ಕೀಲಿಗೆ ಬಿಡು. ಒಂದು ರಾತ್ರಿ ಮಲಗಿಸಿಡು. ಬೆಳಗ್ಗೆ ಒಣ ಬಟ್ಟೆಯಲ್ಲಿ ಒರೆಸಿ, ಮೊದಲ ನಾಲ್ಕು ಅಡಿಕೆ ಕತ್ತರಿಸಿ ಬಿಸಾಕು, ಬಾಯಿಗೆ ಹಾಕಬೇಡ. ಕಣ್ಣಿನ ಸುಣ್ಣ ತೆಗೆಯಬೇಡ.